ರೈಲು ಮತ್ತೆ ಓಡಿದಾಗ ಊರಿಗೆ ಹೋದದ್ದು

2020ರ ಮೇ 20ರ ಬೆಳಗ್ಗೆ ಅವ್ವ ಬಚ್ಚಲ ಮುಂದಿನ ಹಾಸುಗಲ್ಲಿನ ಮೇಲೆ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಳು. ಅವಳಿದ್ದದ್ದು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ನಾನಿದ್ದದ್ದು ಮುಂಬಯಿಯ ವಡಾಲದ ಒಂದು ಬಾಡಿಗೆ ಮನೆಯಲ್ಲಿ. ತಮ್ಮನ ಹೆಂಡತಿ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋಗಿ ಅಲ್ಲಿಯೇ ಉಳಿದುಬಿಟ್ಟಿದ್ದಳು. ಮಿರಗದ ಮಳೆ ಹತ್ತಿರ ಬಂದಿತ್ತು, ತೊಗರಿ ಬಿತ್ತನೆಗೆ ಹೊಲ ಹಸನು ಮಾಡುವ ಕೆಲಸವೂ ರೊಟ್ಟಿ ಬಡಿಯುವ ಕೆಲಸವೂ ತಮ್ಮನೊಬ್ಬನ ಹೆಗಲಿಗೇ ಬಿದ್ದಿದ್ದವು. ಬೇರೆ ವರ್ಷವಾಗಿದ್ದರೆ ಆ ರಾತ್ರಿಯೇ ರೈಲು ಹತ್ತಿ ಮರುದಿನ ಊರಿನಲ್ಲಿರುತ್ತಿದ್ದೆ. ಆದರೆ ಕೋವಿಡ್‌ನಿಂದಾಗಿ ಮಾರ್ಚ್ 22ರಿಂದ ದೇಶದಲ್ಲಿ ಪ್ರಯಾಣಿಕರ ರೈಲುಗಳು ನಿಂತುಹೋಗಿದ್ದವು, ಮತ್ತು ಅವ್ವ ಬೀಳುವುದಕ್ಕೆ ಎರಡೇ ದಿನ ಮೊದಲು, ಮೇ 18ರಂದು, ಮಹಾರಾಷ್ಟ್ರವೂ ಸೇರಿ ನಾಲ್ಕು ರಾಜ್ಯಗಳಿಂದ ಯಾರೂ ತಿಂಗಳ ಕೊನೆಯವರೆಗೆ ಒಳಗೆ ಬರಕೂಡದೆಂದು ಕರ್ನಾಟಕ ಸರ್ಕಾರ ಹೇಳಿತ್ತು.

ಗಡಿ ಎಂಬ ಮಾತು ನಮ್ಮ ಭಾಗದವರ ಬಾಯಲ್ಲಿ ಅದುವರೆಗೆ ಅಷ್ಟಾಗಿ ಬಂದದ್ದೇ ಇಲ್ಲ. ಆಳಂದದವರಿಗೆ ಅಕ್ಕಲಕೋಟೆ, ಸೊಲ್ಲಾಪುರಗಳು ಸಂತೆಯ ಊರುಗಳು, ಬೀಗರ ಊರುಗಳು. ಹೊಲದ ಬದುವಿನ ಆಚೆ ಬೇರೆ ರಾಜ್ಯವಿದೆ ಎಂಬುದು ಕಾಗದಪತ್ರದ ಸಂಗತಿಯಾಗಿತ್ತೇ ಹೊರತು ಬದುಕಿನದಾಗಿರಲಿಲ್ಲ. ಆ ಬೇಸಿಗೆಯಲ್ಲಿ ಮೊದಲ ಸಲ ರಸ್ತೆಗೆ ಅಡ್ಡಲಾಗಿ ಮಣ್ಣು ಸುರಿದು, ಮುಳ್ಳುಕಂಟಿ ಹಚ್ಚಿ, ಆಚೆಯವರು ಈಚೆಗೆ ಬಾರದಂತೆ ಹಳ್ಳಿಯ ಹುಡುಗರು ಕಾವಲು ಕುಳಿತರು. ಅವರ ಅಂಜಿಕೆಯನ್ನು ನಾನು ತಪ್ಪೆನ್ನಲಾರೆ. ಕೋವಿಡ್‌ನಿಂದಾದ ದೇಶದ ಮೊದಲ ಸಾವು ಮಾರ್ಚ್ ತಿಂಗಳಲ್ಲಿ ದೃಢಪಟ್ಟದ್ದು ಕಲಬುರಗಿಯಲ್ಲಿಯೇ. ಆ ಸುದ್ದಿ ಕೇಳಿದ ಜಿಲ್ಲೆ ಉಳಿದವರಿಗಿಂತ ಮೊದಲೇ ಹೆದರಿತ್ತು, ಮತ್ತು ಮುಂಬಯಿ ಎಂಬ ಹೆಸರು ಆಗ ರೋಗದ ಹೆಸರೇ ಆಗಿಹೋಗಿತ್ತು.

ಜೂನ್ 1ರಿಂದ ನಿರ್ಬಂಧಗಳ ಸಡಿಲಿಕೆ ಆರಂಭವಾಯಿತು. ಅಂದಿನಿಂದಲೇ ಓಡತೊಡಗಿದ ನೂರು ಜೋಡಿ ವಿಶೇಷ ರೈಲುಗಳ ಪಟ್ಟಿಯಲ್ಲಿ ಮುಂಬಯಿ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಿಂದ ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಕೂಡ ಇತ್ತು. ಹಳೆಯ 11301 ಎಂಬ ಸಂಖ್ಯೆಯ ಮೊದಲ ಅಂಕಿಯ ಜಾಗದಲ್ಲಿ ಸೊನ್ನೆ ಬಂದು ಅದು 01301 ಆಗಿತ್ತು. ಅಷ್ಟೇ ವ್ಯತ್ಯಾಸ, ಆದರೂ ಫೋನಿನ ಪರದೆಯ ಮೇಲೆ ಆ ಹೆಸರು ಕಂಡಾಗ ನನಗೆ ಕಣ್ಣು ತುಂಬಿ ಬಂತು.

ತಮ್ಮನಿಗೆ ಫೋನು ಮಾಡಿ ಬರುತ್ತೇನೆಂದು ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅಕ್ಕಾ, ಬರಬ್ಯಾಡ ಅಂತ ಹ್ಯಾಂಗ ಹೇಳ್ಲಿ? ಆದ್ರ ಊರಾಗ ಮಂದಿ ಮಾತಾಡ್ಲಕ್ಕತ್ತಾರ," ಎಂದ. ಅವನು ನನ್ನನ್ನು ತಡೆಯುತ್ತಿರಲಿಲ್ಲ, ಒಪ್ಪಿಕೊಳ್ಳುವುದಕ್ಕೂ ಆಗದೆ ಒದ್ದಾಡುತ್ತಿದ್ದ. ಅವ್ವನಿಗೆ ಸಕ್ಕರೆ ಕಾಯಿಲೆಯಿದೆ. ನಾನು ಹೋಗಿ ಅವಳ ಕೈಗೆ ಆಸರೆಯಾಗುವ ಬದಲು ಸೋಂಕನ್ನೇ ಒಯ್ದು ಮುಟ್ಟಿಸಿದರೆ ಏನು ಗತಿ ಎಂಬ ಪ್ರಶ್ನೆ ಇಬ್ಬರ ಬಾಯಲ್ಲೂ ಬರಲಿಲ್ಲವಾದರೂ ಇಬ್ಬರ ಮನಸ್ಸಿನಲ್ಲೂ ಇದ್ದದ್ದು ಅದೊಂದೇ.

ಆಗಿನ ನಿಯಮದ ಪ್ರಕಾರ ಮಹಾರಾಷ್ಟ್ರದಿಂದ ಬಂದವರು ಏಳು ದಿನ ಸಾಂಸ್ಥಿಕ ಕ್ವಾರಂಟೈನ್‌ನಲ್ಲಿಯೂ ಅದರ ಮೇಲೆ ಏಳು ದಿನ ಮನೆಯ ಕ್ವಾರಂಟೈನ್‌ನಲ್ಲಿಯೂ ಇರಬೇಕಾಗಿತ್ತು. ನಾನು ಕ್ಯಾಲೆಂಡರ್ ಹಿಡಿದು ಕುಳಿತು ಲೆಕ್ಕ ಹಾಕಿದೆ. ಜೂನ್ 14ರಂದು ಹೊರಟರೆ 21ರವರೆಗೆ ಸರ್ಕಾರದ ವಶದಲ್ಲಿ, 28ರವರೆಗೆ ಮನೆಯ ಕೋಣೆಯಲ್ಲಿ. ಅವ್ವನ ಕೈಯ ಪ್ಲಾಸ್ಟರ್ ಬಿಚ್ಚುವುದು ಜುಲೈ ಮೊದಲ ವಾರದಲ್ಲಿ. ಅಂದರೆ ನಾನು ಅವಳಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ನಾಲ್ಕೋ ಐದೋ ದಿನ ಮಾತ್ರ. ಇಷ್ಟಕ್ಕಾಗಿ ಹೋಗಬೇಕೇ ಎಂದು ಗೆಳತಿಯರು ಕೇಳಿದರು. ಪ್ಲಾಸ್ಟರ್ ಬಿಚ್ಚಿದ ಕೈ ಮರುದಿನವೇ ಹಿಟ್ಟು ನಾದುವುದಿಲ್ಲ ಎಂಬುದು ನನ್ನ ಉತ್ತರವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಇನ್ನು ಎಷ್ಟು ದಿನ ದಾರಿ ತೆರೆದಿರುತ್ತದೆಂದು ಯಾರಿಗೂ ತಿಳಿಯದಿದ್ದ ಆ ಕಾಲದಲ್ಲಿ ತೆರೆದಿರುವಾಗಲೇ ದಾಟಿಬಿಡಬೇಕೆಂದು ನನಗೆ ಅನಿಸಿತ್ತು.

ಟಿಕೆಟ್ ತೆಗೆಯುವುದಕ್ಕೆ ಹಿಂದೆಂದೂ ಇಲ್ಲದಷ್ಟು ಹೊತ್ತು ಹಿಡಿಯಿತು. ಐಆರ್‌ಸಿಟಿಸಿಯಲ್ಲಿ ಆ ಮೇ ತಿಂಗಳಿನಿಂದ, ತಲುಪುವ ಊರಿನಲ್ಲಿ ಎಲ್ಲಿ ಉಳಿಯುತ್ತೀರಿ ಎಂಬ ಪೂರ್ತಿ ವಿಳಾಸವನ್ನೂ ತುಂಬಬೇಕಾಗಿತ್ತು. ಮುಂದೆ ಯಾರಿಗಾದರೂ ಸೋಂಕು ಕಂಡುಬಂದರೆ ಜೊತೆಯಲ್ಲಿ ಪ್ರಯಾಣಿಸಿದವರನ್ನು ಹುಡುಕುವುದಕ್ಕೆ ಅದು ಬೇಕಿತ್ತು. ನಮ್ಮ ಮನೆಗೆ ಬೀದಿಯ ಹೆಸರಿಲ್ಲ. ಹನುಮಂತ ದೇವರ ಗುಡಿಯ ಹಿಂದೆ, ಬೇವಿನ ಮರದ ಮನೆ ಎಂದರೆ ಅಂಚೆಯವನಿಂದ ಹಿಡಿದು ಬೀಗರವರೆಗೆ ಎಲ್ಲರೂ ಬಂದು ಮುಟ್ಟುತ್ತಾರೆ. ಅದನ್ನೇ ಬರೆದು, ಪಿನ್ ಕೋಡ್ ಹಾಕಿ ಮುಂದಕ್ಕೆ ಹೋದೆ. ಸೀಟು ಖಚಿತವಾಗದೆ ವೇಟಿಂಗ್ ಲಿಸ್ಟಿನಲ್ಲಿದ್ದವರನ್ನು ರೈಲು ಹತ್ತಲು ಬಿಡುತ್ತಿರಲಿಲ್ಲವಾದ್ದರಿಂದ ಸೀಟು ಖಚಿತವಾಗುವ ದಿನಾಂಕವನ್ನೇ ನೋಡಿ ಆರಿಸಬೇಕಾಯಿತು. ಹವಾನಿಯಂತ್ರಿತ ಬೋಗಿಯಲ್ಲಿ ಸೀಟು ಇದ್ದರೂ ನಾನು ಸ್ಲೀಪರ್ ಬೋಗಿಯನ್ನೇ ತೆಗೆದುಕೊಂಡೆ. ಮುಚ್ಚಿದ ಗಾಜಿನೊಳಗೆ ಎಲ್ಲರ ಉಸಿರು ಸುತ್ತುವುದಕ್ಕಿಂತ ಕಿಟಕಿಯ ಗಾಳಿ ಮೇಲು ಎಂದು ನನ್ನ ತಿಳಿವಳಿಕೆ ಹೇಳಿತು, ಮತ್ತು ಆ ತೀರ್ಮಾನ ಸರಿಯಾಗಿತ್ತೆಂದು ಇಂದಿಗೂ ನಂಬಿದ್ದೇನೆ.

ರೈಲಿನ ಟಿಕೆಟ್ ಸಿಕ್ಕ ಮೇಲೆ ರಾಜ್ಯದ ಅನುಮತಿ. ಕರ್ನಾಟಕದ ಸೇವಾ ಸಿಂಧು ಜಾಲತಾಣದಲ್ಲಿ ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ, ಬರುವ ದಿನ, ಉಳಿಯುವ ವಿಳಾಸ ಎಲ್ಲವನ್ನೂ ತುಂಬಿ ನೋಂದಾಯಿಸಿಕೊಳ್ಳಬೇಕಾಗಿತ್ತು. ಎರಡು ಸಲ ಅರ್ಧಕ್ಕೇ ನಿಂತು, ಮೂರನೆಯ ಸಲ ರಾತ್ರಿ ಒಂದು ಗಂಟೆಗೆ ಅರ್ಜಿ ಒಳಗೆ ಹೋಯಿತು. ಅದರ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಹಿಂದೆ ಅಂಟಿಸಿಟ್ಟುಕೊಂಡೆ. ಇದು ಮುಂದೆ ಬಹಳ ಉಪಯೋಗಕ್ಕೆ ಬಂತು. ಕಲಬುರಗಿ ನಿಲ್ದಾಣದಲ್ಲಿ ಫೋನಿನ ಚಾರ್ಜು ಮುಗಿದು ಸಾಲಿನಿಂದ ಪಕ್ಕಕ್ಕೆ ಸರಿದು ನಿಂತವರು ಹತ್ತಾರು ಜನರಿದ್ದರು.

ಜೂನ್ 14, ಭಾನುವಾರ. ಮುಂಬಯಿಯ ಲೋಕಲ್ ರೈಲುಗಳು ಅತ್ಯಗತ್ಯ ಸೇವೆಯವರಿಗಾಗಿ ಮತ್ತೆ ಶುರುವಾದದ್ದು ಅದರ ಮರುದಿನ. ಹಾಗಾಗಿ ಬೆಳಗಿನ ಜಾವ ಟ್ಯಾಕ್ಸಿ ಹಿಡಿದೆ. ಚಾಲಕ ತನ್ನ ಸೀಟಿನ ಹಿಂದೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಮೊಳೆ ಹೊಡೆದು ಕಟ್ಟಿದ್ದ. ನಿಲ್ದಾಣಕ್ಕೆ ಒಂದೂವರೆ ಗಂಟೆ ಮುಂಚೆ ಬರಬೇಕೆಂಬ ನಿಯಮವಿತ್ತು. ಯಾವ ಹೊತ್ತಿನಲ್ಲಿಯೂ ಕಾಲಿಡಲು ಜಾಗವಿಲ್ಲದ ಆ ದೊಡ್ಡ ಹಜಾರದಲ್ಲಿ ಬಿಳಿಯ ಬಣ್ಣದ ವೃತ್ತಗಳನ್ನು ಬರೆದಿದ್ದರು, ಒಂದೊಂದು ವೃತ್ತದಲ್ಲಿ ಒಬ್ಬೊಬ್ಬರು ತಮ್ಮ ಗಂಟುಮೂಟೆಯೊಡನೆ ನಿಂತಿದ್ದರು, ಮತ್ತು ಅಷ್ಟು ಜನರಿದ್ದೂ ಮಾತಿನ ಸದ್ದಿರಲಿಲ್ಲ. ಹಣೆಗೆ ಉಷ್ಣಮಾಪಕ ಹಿಡಿದು ನೋಡಿದರು, ಟಿಕೆಟ್ ನೋಡಿದರು, ಫೋನಿನಲ್ಲಿ ಆರೋಗ್ಯ ಸೇತು ಆ್ಯಪ್ ಇದೆಯೇ ಎಂದು ಕೇಳಿ ಒಳಗೆ ಬಿಟ್ಟರು. ಉಷ್ಣಮಾಪಕ ನನ್ನ ಹಣೆಯ ಮುಂದೆ ನಿಂತ ಆ ಒಂದು ಕ್ಷಣದಲ್ಲಿ, ಜ್ವರವಿಲ್ಲವೆಂದು ಚೆನ್ನಾಗಿ ತಿಳಿದಿದ್ದರೂ, ಎದೆ ಹೊಡೆದುಕೊಂಡಿತು.

ಬೋಗಿಯಲ್ಲಿ ಎಲ್ಲ ಸೀಟುಗಳೂ ತುಂಬಿದ್ದವು. ನಿಲ್ದಾಣದಲ್ಲಿ ಒಬ್ಬರಿಂದೊಬ್ಬರನ್ನು ಅಷ್ಟು ದೂರ ನಿಲ್ಲಿಸಿ ಒಳಗೆ ಮೊಳಕಾಲಿಗೆ ಮೊಳಕಾಲು ತಾಗುವಂತೆ ಕೂರಿಸಿದ್ದು ನನಗೆ ಆಗಲೂ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ನನ್ನ ಎದುರಿಗೆ ಯಾದಗಿರಿ ಕಡೆಯ ಒಂದು ಕುಟುಂಬವಿತ್ತು: ಕಟ್ಟಡ ಕೆಲಸದ ಗಂಡ ಹೆಂಡತಿ, ನಾಲ್ಕು ವರ್ಷದ ಮಗಳು. ಎರಡು ತಿಂಗಳು ಕೂಲಿಯಿಲ್ಲದೆ ಕುಳಿತು, ವಲಸೆ ಕಾರ್ಮಿಕರಿಗೆಂದು ಬಿಟ್ಟಿದ್ದ ಶ್ರಮಿಕ ರೈಲಿನಲ್ಲಿ ಹೆಸರು ಬರಲೆಂದು ಕಾದು, ಕೊನೆಗೆ ಸಾಲ ಮಾಡಿ ಟಿಕೆಟ್ ತೆಗೆದುಕೊಂಡಿದ್ದರು. ಅಡುಗೆಯ ಬೋಗಿ ಇರಲಿಲ್ಲ, ಚಹಾ ಮಾರುವವರು ಇರಲಿಲ್ಲ. ಎಲ್ಲರೂ ತಮ್ಮ ತಮ್ಮ ಬುತ್ತಿ ಕಟ್ಟಿಕೊಂಡು ಬಂದಿದ್ದರು. ನಮ್ಮ ಕಡೆಯ ರೈಲಿನಲ್ಲಿ ಬುತ್ತಿ ಬಿಚ್ಚಿದರೆ ಎದುರಿನವರಿಗೆ ಒಂದು ರೊಟ್ಟಿ ಕೊಡದೆ ತಿನ್ನುವುದು ಆಗದ ಮಾತು. ಆ ದಿನ ಮಾತ್ರ ಪ್ರತಿಯೊಬ್ಬರೂ ಕಿಟಕಿಯ ಕಡೆಗೋ ಗೋಡೆಯ ಕಡೆಗೋ ಮುಖ ತಿರುಗಿಸಿ, ಮಾಸ್ಕ್ ಕೆಳಗಿಳಿಸಿ, ಬೇಗ ಬೇಗ ತಿಂದು ಮತ್ತೆ ಏರಿಸಿಕೊಂಡರು. ಆ ಪುಟ್ಟ ಹುಡುಗಿಗೆ ಇದೊಂದೂ ತಿಳಿಯದು. ತನ್ನ ಕೈಯಲ್ಲಿದ್ದ ಬಿಸ್ಕತ್ತನ್ನು ಮುರಿದು ಅರ್ಧವನ್ನು ನನ್ನ ಕಡೆಗೆ ಚಾಚಿದಳು. ತಾಯಿ ಅವಳ ಕೈ ಹಿಡಿದು, "ಬ್ಯಾಡವ್ವಾ, ಅಕ್ಕಾರು ತಗೊಳ್ಳಂಗಿಲ್ಲ," ಎಂದಳು. ನಾನು ತೆಗೆದುಕೊಳ್ಳಲಿಲ್ಲ. ತಲೆಯಾಡಿಸಿ ನಕ್ಕೆ, ಮಾಸ್ಕಿನೊಳಗಿನ ನಗು ಅವಳಿಗೆ ಕಾಣುವಂತಿರಲಿಲ್ಲ. ಆ ಪ್ರಯಾಣದಲ್ಲಿ ಮಾಡಿದ್ದೆಲ್ಲವೂ ಸರಿಯೆಂದು ನನಗೆ ಗೊತ್ತು, ಆದರೂ ಆ ಅರ್ಧ ಬಿಸ್ಕತ್ತು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಕರ್ಜತ್‌ನಲ್ಲಿ ಘಟ್ಟ ಹತ್ತಿಸಲು ಹಿಂದಿನಿಂದ ಎಂಜಿನ್ ಜೋಡಿಸುವಾಗ ರೈಲು ನಿಲ್ಲುತ್ತದೆ; ಬಿಸಿ ವಡಾಪಾವ್ ಮಾರುವವರ ಕೂಗಿನಿಂದಲೇ ನಿದ್ದೆಯಲ್ಲಿದ್ದವರಿಗೂ ಅದು ಯಾವ ನಿಲ್ದಾಣವೆಂದು ತಿಳಿಯುತ್ತದೆ. ಆ ದಿನ ಮಳೆಯ ಸದ್ದು ಮಾತ್ರವಿತ್ತು. ಭೋರ್ ಘಾಟಿನ ಸುರಂಗಗಳನ್ನು ದಾಟುವಾಗ ಕಿಟಕಿಯಿಂದ ಇರಚಲು ಹೊಡೆದು ನಮ್ಮೆಲ್ಲರ ಬಟ್ಟೆ ತೊಯ್ದವು, ಆದರೆ ಕಿಟಕಿಯ ಬಾಗಿಲನ್ನು ಇಳಿಸಲು ಯಾರೂ ಕೈ ಎತ್ತಲಿಲ್ಲ. ಎಲ್ಲರಿಗೂ ಆ ಗಾಳಿ ಬೇಕಾಗಿತ್ತು. ಪುಣೆ, ದೌಂಡ್, ಸೊಲ್ಲಾಪುರ ಒಂದೊಂದಾಗಿ ಹಿಂದೆ ಸರಿದವು. ದುಧನಿ ದಾಟಿ ಗಾಣಗಾಪುರ ರೋಡ್ ಹತ್ತಿರವಾದಾಗ ಎದುರಿನ ಗಂಡಸು, "ಇನ್ನ ನಮ್ಮ ರಾಜ್ಯ ಬಂತ್ರಿ," ಎಂದ. ಹೊರಗೆ ಕಪ್ಪು ಎರೆಯ ನೆಲ ಮಳೆಗೆ ನೆನೆದು ಹೊಳೆಯುತ್ತಿತ್ತು, ಅಲ್ಲಲ್ಲಿ ಕೂರಿಗೆ ಹೂಡಿದ್ದರು.

ಮುಂಬಯಿಯಿಂದ ಕಲಬುರಗಿಗೆ ಸುಮಾರು 570 ಕಿಲೊಮೀಟರ್. ಸಂಜೆ ಇಳಿದಾಗ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಮೇಜುಗಳಿದ್ದವು, ಅವುಗಳ ಹಿಂದೆ ಅಡಿಯಿಂದ ಮುಡಿಯವರೆಗೆ ಬಿಳಿಯ ಉಡುಪಿನಲ್ಲಿದ್ದ ಆರೋಗ್ಯ ಸಿಬ್ಬಂದಿ. ಆ ಉಡುಪಿನೊಳಗೆ ಬೆವರು ಹರಿದು ಒಬ್ಬಾಕೆಯ ಕನ್ನಡಕ ಮಂಜಾಗಿಹೋಗಿತ್ತು. ಆಕೆ ನನ್ನ ಚೀಟಿಯ ಅಂಕಿಗಳನ್ನು ನನ್ನಿಂದಲೇ ಓದಿಸಿ ಬರೆದುಕೊಂಡರು. ಆಮೇಲೆ ಎಡಗೈಯನ್ನು ಮುಂದೆ ಚಾಚಬೇಕಾಯಿತು. ಕೈಯ ಹಿಂಬದಿಗೆ ಮುದ್ರೆ ಒತ್ತಿ, ಅದರಲ್ಲಿ ಬಿಟ್ಟಿದ್ದ ಜಾಗದಲ್ಲಿ ದಿನಾಂಕ ಬರೆದರು. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿಯಂಥದೇ, ಒಣಗುವಾಗ ಸ್ವಲ್ಪ ಉರಿಯುತ್ತಿತ್ತು. ತಾಲ್ಲೂಕುವಾರು ಸಾಲು ಮಾಡಿ ಈಶಾನ್ಯ ಕರ್ನಾಟಕ ಸಾರಿಗೆಯ ಬಸ್ಸುಗಳಲ್ಲಿ ಕೂರಿಸಿದರು. ಹೊರಗೆ ಗೇಟಿನ ಆಚೆ ತಮ್ಮ ನಿಂತಿದ್ದ. ದೂರದಿಂದ ಕೈ ಎತ್ತಿದ, ನಾನೂ ಎತ್ತಿದೆ, ಬಸ್ಸು ಹೊರಟಿತು.

ಏಳು ದಿನ ಇದ್ದದ್ದು ಒಂದು ವಿದ್ಯಾರ್ಥಿ ನಿಲಯದಲ್ಲಿ. ಕೋಣೆಗೆ ಮೂವರು ಹೆಂಗಸರು, ಕಿಟಕಿಗೆ ಒಂದರಂತೆ ಮಂಚ. ಎರಡನೆಯ ದಿನ ಶೌಚಾಲಯಕ್ಕೆ ನೀರು ನಿಂತು ಸಂಜೆಯವರೆಗೆ ಬರಲಿಲ್ಲ, ಊಟ ಒಂದೊಂದು ದಿನ ಮೂರು ಗಂಟೆಗೆ ಬರುತ್ತಿತ್ತು, ಇವೆಲ್ಲ ಸಹಿಸುವಂಥವೇ. ಸಹಿಸಲಾಗದ್ದು ಕಾಯುವುದು. ಐದನೆಯ ದಿನ ಗಂಟಲ ದ್ರವದ ಮಾದರಿ ತೆಗೆದುಕೊಂಡು ಹೋದರು. ಆರನೆಯ ರಾತ್ರಿ ಪಕ್ಕದ ಕಟ್ಟಡದಿಂದ ಒಬ್ಬ ಹುಡುಗನನ್ನು ಆಂಬುಲೆನ್ಸ್ ಬಂದು ಕರೆದೊಯ್ದಿತು. ಅದರ ಕೆಂಪು ದೀಪ ನಮ್ಮ ಗೋಡೆಯ ಮೇಲೆ ಸುತ್ತುತ್ತಿರುವಾಗ ನಾವು ಮೂವರೂ ಎದ್ದು ಕುಳಿತಿದ್ದೆವು, ಯಾರೂ ದೀಪ ಹಾಕಲಿಲ್ಲ. ಅವನೂ ನಾವು ಬಂದ ರೈಲಿನಲ್ಲಿಯೇ ಬಂದಿದ್ದನೆಂದು ಬೆಳಗ್ಗೆ ತಿಳಿಯಿತು. ಮನೆಗೆ ನೇರವಾಗಿ ಹೋಗಿದ್ದರೆ ಅವನ ಜೊತೆ ಏನೇನು ಹೋಗುತ್ತಿತ್ತು ಎಂದು ಯೋಚಿಸಿದ ಮೇಲೆ ಆ ಏಳು ದಿನಗಳ ಬಗ್ಗೆ ನನ್ನ ಗೊಣಗಾಟ ನಿಂತಿತು. ನೀರು ಬಾರದಿದ್ದದ್ದನ್ನು ಈಗಲೂ ತಪ್ಪೆಂದೇ ಹೇಳುತ್ತೇನೆ, ತಡೆದು ನಿಲ್ಲಿಸಿದ್ದನ್ನು ಮಾತ್ರ ತಪ್ಪೆನ್ನುವುದಿಲ್ಲ.

ನಮ್ಮ ವರದಿ ನೆಗೆಟಿವ್ ಎಂದು ತಿಳಿದದ್ದು ಜೂನ್ 21ರ ಬೆಳಗ್ಗೆ. ಅಂದು ಮಣ್ಣೆತ್ತಿನ ಅಮಾವಾಸ್ಯೆ, ಜೊತೆಗೆ ಸೂರ್ಯಗ್ರಹಣ. ಅವ್ವ ಫೋನು ಮಾಡಿ, ಗ್ರಹಣ ಬಿಡುವ ತನಕ ಹೊಸ್ತಿಲು ದಾಟಬೇಡ ಎಂದು ಖಡಾಖಂಡಿತವಾಗಿ ಹೇಳಿದಳು. ಹತ್ತರ ಸುಮಾರಿಗೆ ಹಿಡಿದ ಗ್ರಹಣ ಒಂದೂವರೆಯ ಹೊತ್ತಿಗೆ ಬಿಟ್ಟಿತು. ಬಿಡುಗಡೆಯ ಕಾಗದ ಕೈಯಲ್ಲಿ ಹಿಡಿದು ಅಲ್ಲಿಯವರೆಗೆ ಮಂಚದ ಮೇಲೆ ಕುಳಿತಿದ್ದೆ. ತಮ್ಮ ಬೈಕು ತಂದಿದ್ದ. ಮನೆ ಮುಟ್ಟಿದಾಗ ಅಂಗಳದ ಬಾಗಿಲಿಗೆ ಕ್ವಾರಂಟೈನ್ ಎಂದು ಬರೆದ ಕಾಗದ ಆಗಲೇ ಅಂಟಿತ್ತು, ಅದರ ಪಕ್ಕದ ಗೂಡಿನಲ್ಲಿ ಹೊಸ ಮಣ್ಣೆತ್ತುಗಳಿದ್ದವು. ಅವ್ವ ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದಳು, ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಪ್ಲಾಸ್ಟರ್ ಹಾಕಿದ ಕೈ. "ಬಂದೇನವ್ವಾ," ಎಂದಳು. "ಬಂದೆ," ಎಂದೆ. ಇಬ್ಬರ ನಡುವೆ ಇಡೀ ಅಂಗಳವಿತ್ತು, ನಾನು ಅದನ್ನು ದಾಟಲಿಲ್ಲ.

ತೊಗರಿ ಚೀಲಗಳನ್ನಿಡುವ ಹೊರಗಿನ ಕೋಣೆಯನ್ನು ಸುಣ್ಣ ಬಳಿದು ನನಗೆಂದು ಖಾಲಿ ಮಾಡಿದ್ದರು. ಕ್ವಾರಂಟೈನ್ ವಾಚ್ ಎಂಬ ಆ್ಯಪ್‌ನಲ್ಲಿ ಬೆಳಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಮ್ಮೆ ನನ್ನ ಫೋಟೊ ಕಳಿಸಬೇಕಾಗಿತ್ತು. ಕೋಣೆಯಲ್ಲಿ ನೆಟ್‌ವರ್ಕ್ ಇಲ್ಲ; ಹಿಂಬದಿಯ ನಿಚ್ಚಣಿಕೆಯಿಂದ ಮಾಳಿಗೆ ಹತ್ತಿ ಫೋಟೊ ಕಳಿಸಿ ಇಳಿಯುತ್ತಿದ್ದೆ. ದಿನಕ್ಕೆ ಹದಿನೈದು ಸಲ ಹತ್ತಿಳಿಯುವಾಗ ಇಡೀ ಊರು ಕಾಣುತ್ತಿತ್ತು, ಊರಿಗೆ ನಾನೂ ಕಾಣುತ್ತಿದ್ದೆ. ಮೊದಲೆರಡು ದಿನ ನಮ್ಮ ಮನೆಯ ಮುಂದೆ ನೀರಿಗೆ ಹೋಗುವವರು ಆಚೆ ಓಣಿಯಿಂದ ಸುತ್ತಿ ಹೋದರು. ತಮ್ಮನಿಗೆ ಚಹಾದಂಗಡಿಯಲ್ಲಿ ಕಾಗದದ ಕಪ್ಪಿನಲ್ಲಿ ಹೊರಗೇ ಚಹಾ ಕೊಟ್ಟರು. ಮೂರನೆಯ ದಿನ ಎದುರು ಮನೆಯ ಕಾಕಿ ಹಾಲಿನ ತಂಬಿಗೆಯನ್ನು ನಮ್ಮ ಕಟ್ಟೆಯ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು, "ತಂಬಿಗಿ ತೊಳದು ಬಿಸಲಾಗ ಇಟ್ಟಬಿಡವಾ," ಎಂದು ಕೂಗಿ ಹೇಳಿದರು. ಅಂಜುತ್ತಲೇ ಬಂದಿದ್ದರು, ಅಂಜಿಕೊಂಡೇ ಹಾಲು ತಂದಿದ್ದರು. ಅವರ ಆ ಹಾಲಿಗೆ ನಾನು ಇಂದಿಗೂ ಋಣಿ.

ಜೂನ್ 28ರ ಸಂಜೆ ನಾನು ಅಂಗಳ ದಾಟಿದೆ. ಅವ್ವನ ತಲೆಗೆ ಎಣ್ಣೆ ಹಚ್ಚಿ ಬಾಚಿದೆ. ಒಂದೇ ಕೈಯಲ್ಲಿ ಬಾಚಲಾಗದೆ ಐದು ವಾರಗಳಿಂದ ಅವಳ ಕೂದಲು ಗಂಟುಗಂಟಾಗಿತ್ತು, ಬಿಡಿಸುವುದಕ್ಕೆ ಒಂದು ತಾಸು ಬೇಕಾಯಿತು. ನನ್ನ ಎಡಗೈಯ ಮುದ್ರೆಯನ್ನು ಅವಳು ಒಳ್ಳೆಯ ಕೈಯ ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ಅಷ್ಟರಲ್ಲಿ ಅದು ಕಂದಿ, ಅಕ್ಷರ ಹೋಗಿ, ಅಂಚಿನ ಗೆರೆಯಷ್ಟೇ ಉಳಿದಿತ್ತು.

ಆಗಸ್ಟ್‌ವರೆಗೂ ಊರಿನಲ್ಲಿದ್ದು ಮರಳಿದೆ. ಆ ತಿಂಗಳ 24ರಂದು ಕರ್ನಾಟಕ ಸರ್ಕಾರ ಸೇವಾ ಸಿಂಧು ನೋಂದಣಿ, ಗಡಿಯ ತಪಾಸಣೆ, ಕೈಗೆ ಮುದ್ರೆ, ಕ್ವಾರಂಟೈನ್ ಎಲ್ಲವನ್ನೂ ಒಮ್ಮೆಲೇ ತೆಗೆದುಹಾಕಿತು. ದೀಪಾವಳಿಗೆ ಮತ್ತೆ ಅದೇ ರೈಲಿನಲ್ಲಿ ಹೋದಾಗ ಕಲಬುರಗಿಯ ಪ್ಲಾಟ್‌ಫಾರ್ಮಿನಲ್ಲಿ ಮೇಜುಗಳಿರಲಿಲ್ಲ. ಇಳಿದವರೆಲ್ಲ ಸೀದಾ ಹೊರಗೆ ನಡೆದರು. ನನಗೆ ಮಾತ್ರ ಕಾಲು ತಡೆದಂತಾಗಿ, ಯಾರಾದರೂ ಕರೆಯುತ್ತಾರೇನೋ ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಊರಿನಲ್ಲಿ ಯಾರೂ ಏನೂ ಕೇಳಲಿಲ್ಲ, ಅಪ್ಪಿಕೊಂಡು ಮಾತಾಡಿಸಿದವರೂ ಇದ್ದರು. ನಿಯಮ ಹೋಗಿತ್ತು, ರೋಗ ಹೋಗಿರಲಿಲ್ಲ. ಹೀಗಾಗಿ ನಾನೇ ಐದು ದಿನ ಹೊರಗಿನ ಕೋಣೆಯಲ್ಲಿ ಉಳಿದೆ; ಹಬ್ಬಕ್ಕೆ ಐದು ದಿನ ಮುಂಚೆ ಹೊರಟದ್ದೂ ಇದೇ ಕಾರಣಕ್ಕೆ. ಈ ಪ್ರಯಾಣಗಳಲ್ಲಿ ಅನುಸರಿಸಬೇಕಾಗಿದ್ದ ನಿಯಮಗಳಿಗಿಂತ, ನಿಯಮವೇ ಇಲ್ಲದಾಗ ಎಷ್ಟು ಎಚ್ಚರ ಸಾಕು ಎಂದು ತೀರ್ಮಾನಿಸುವುದೇ ನನಗೆ ಹೆಚ್ಚು ಕಷ್ಟವಾಯಿತು. ಅದನ್ನು ಕೇಳಿ ತಿಳಿಯಲು ಯಾವ ಮೇಜೂ ಇರಲಿಲ್ಲ.

2021ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಬೇಕೆಂಬ ನಿಯಮ ಬಂತು. ವರದಿ ಬರುವುದಕ್ಕೇ ಒಂದು ದಿನ ಬೇಕು, ರೈಲಿಗೆ ಹತ್ತು ಗಂಟೆ ಬೇಕು ಎಂದು ಲೆಕ್ಕ ಹಾಕಿ, ಹೊರಡುವ ಹಿಂದಿನ ದಿನಕ್ಕಿಂತ ತಡಮಾಡದೆ, ಎರಡು ದಿನಕ್ಕಿಂತ ಮುಂಚೆಯೂ ಅಲ್ಲದಂತೆ ಮಾದರಿ ಕೊಟ್ಟು ಮಾರ್ಚ್‌ನಲ್ಲಿ ಒಮ್ಮೆ ಹೋಗಿಬಂದೆ. 60 ದಾಟಿದವರಿಗೆ ಲಸಿಕೆ ಶುರುವಾಗಿದ್ದ ತಿಂಗಳದು. ಅವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದ ತಮ್ಮ ಅವಳಿಗೆ ಮೊದಲ ಲಸಿಕೆ ಹಾಕಿಸಿಕೊಂಡು ಬಂದ. ಮೇ ತಿಂಗಳಿನ ಎರಡನೆಯ ಅಲೆಯಲ್ಲಿ ದಾರಿ ಮತ್ತೆ ಮುಚ್ಚಿತು. ಎದುರು ಮನೆಯ ಕಾಕಿ ಆ ಅಲೆಯಲ್ಲಿ ತೀರಿಕೊಂಡರು. ಅವರ ದಿನಕ್ಕೆ ನಾನು ಹೋಗಲಾಗಲಿಲ್ಲ.

ಅವ್ವ ಮುಂಬಯಿಗೆ ಬಂದದ್ದು 2022ರ ಯುಗಾದಿಯ ಮರುವಾರ. ಅಷ್ಟರಲ್ಲಿ ರೈಲಿನ ಸಂಖ್ಯೆಯ ಸೊನ್ನೆ ಹೋಗಿ ಹಳೆಯ ಸಂಖ್ಯೆ ಬಂದಿತ್ತು, ಹವಾನಿಯಂತ್ರಿತ ಬೋಗಿಯಲ್ಲಿ ಹೊದಿಕೆ ಕೊಡುವುದು ಹಿಂದಿನ ತಿಂಗಳಷ್ಟೇ ಮತ್ತೆ ಶುರುವಾಗಿತ್ತು, ಮಹಾರಾಷ್ಟ್ರದಲ್ಲಿ ಮಾಸ್ಕಿನ ಕಡ್ಡಾಯವೂ ಯುಗಾದಿಯ ದಿನವೇ ಮುಗಿದಿತ್ತು. ಹಿರಿಯರಿಗೆ ಕೊಡುತ್ತಿದ್ದ ರಿಯಾಯಿತಿ ಮಾತ್ರ ಮರಳಿರಲಿಲ್ಲ. 58 ದಾಟಿದ ಹೆಂಗಸರಿಗೆ ಅರ್ಧ ದರವಿದ್ದದ್ದನ್ನು 2020ರ ಮಾರ್ಚ್‌ನಲ್ಲಿ, ಹಿರಿಯರು ಸುಮ್ಮನೆ ಓಡಾಡದಿರಲಿ ಎಂದು ನಿಲ್ಲಿಸಿದ್ದರು. ಓಡಾಟ ಮತ್ತೆ ಶುರುವಾದ ಮೇಲೂ ಅದನ್ನು ಕೊಡದಿದ್ದದ್ದು ಅನ್ಯಾಯವೆಂದೇ ನನ್ನ ಮಾತು.

ಕರೆದುಕೊಂಡು ಬರಲು ನಾನೇ ಹೋಗಿದ್ದೆ. ಕಲಬುರಗಿ ನಿಲ್ದಾಣದಲ್ಲಿ ರೈಲು ಬರಲು ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರ್ಮಿನ ಮೇಲೆ ಬಿಳಿಯ ವೃತ್ತಗಳು ಅರ್ಧ ಅಳಿಸಿಹೋಗಿದ್ದವು. ಒಂದರ ಮೇಲೆ ಯಾರೋ ಬಾಳೆಹಣ್ಣಿನ ಬುಟ್ಟಿ ಇಟ್ಟಿದ್ದರು, ಇನ್ನೊಂದರಲ್ಲಿ ಇಬ್ಬರು ಹುಡುಗರು ಕುಳಿತು ಫೋನು ನೋಡುತ್ತಿದ್ದರು. ಅವ್ವ ಕಾಲ ಬಳಿಯ ಗೆರೆಯನ್ನು ಚಪ್ಪಲಿಯಿಂದ ಒರೆಸಿ, "ಇದೇನವ್ವಾ, ರಂಗೋಲಿ ಹಾಕ್ಯಾರ?" ಎಂದು ಕೇಳಿದಳು. ಒಬ್ಬೊಬ್ಬರು ಒಂದೊಂದರಲ್ಲಿ ನಿಲ್ಲಬೇಕಾಗಿತ್ತು ಎಂದು ಹೇಳಿದೆ. ಅವಳು ಸ್ವಲ್ಪ ಹೊತ್ತು ನೋಡಿ, ನನ್ನ ಕೈಯಲ್ಲಿದ್ದ ಬುತ್ತಿಯ ಗಂಟನ್ನು ತೆಗೆದುಕೊಂಡು, "ರೊಟ್ಟಿ ಜಾಸ್ತಿ ಕಟ್ಟೀನಿ, ಎದುರ ಕುಂತವರಿಗೂ ಕೊಡಬೇಕಲ್ಲ," ಎಂದಳು. ದೂರದಲ್ಲಿ ಎಂಜಿನ್ ಕಾಣಿಸಿತು, ನಾವು ಬೋಗಿಯ ಸಂಖ್ಯೆ ಹುಡುಕುತ್ತ ಮುಂದಕ್ಕೆ ನಡೆದೆವು.